ವಿವಿ ಮುಳುಗಿದ ಮೇಲೆ ಕೊಡುವ ದುಡ್ಡನ್ನು ಮೊದಲೇ ಯಾಕೆ ಕೊಡಬಾರದು?

ಸಂಪಾದಕರೇ,

ವಿಶ್ವವಿದ್ಯಾಲಯವೊಂದರ ಬೊಕ್ಕಸ ಬರಿದಾಗಿದೆ ಎಂಬ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳುತ್ತೇವೆ. "ನಡೆಸಲು ಆಗದಿದ್ದರೆ ಬಾಗಿಲು ಹಾಕಲಿ, ಜನರ ತೆರಿಗೆ ದುಡ್ಡನ್ನು ಯಾಕೆ ಸುರಿಯಬೇಕು?" ಅನ್ನುವವರು ಒಂದು ಕಡೆ. "ಶಿಕ್ಷಣದಲ್ಲಿ ಲಾಭ ನಷ್ಟ ನೋಡಬಾರದು, ಕೇಳಿದಷ್ಟು ಕೊಟ್ಟುಬಿಡಿ" ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ. ಆ ದುಡ್ಡು ಖಾಲಿಯಾಗಿದ್ದು ಹೇಗೆ, ಯಾರ ತೀರ್ಮಾನದಿಂದ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರ ದುಡ್ಡು ಕೊಡಲೇಬೇಕು. ಆದರೆ ಕೈಮುಗಿದು ಕೇಳಿದಾಗ, ಧರಣಿ ಕೂತಾಗ, ಪೇಪರಿನಲ್ಲಿ ಬಂದಾಗ ಕೊಡುವ ದುಡ್ಡಿನಿಂದ ವಿವಿ ಉಳಿಯುವುದಿಲ್ಲ. ಮುಂದಿನ ಸಂಕಟ ಒಂದೆರಡು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೇ. ವರ್ಷಕ್ಕೆ ಎಷ್ಟು, ಯಾವ ಲೆಕ್ಕದ ಮೇಲೆ, ಯಾವ ತಿಂಗಳಲ್ಲಿ ಎಂಬುದು ಕಾನೂನಿನಲ್ಲೇ ಬರೆದಿರಬೇಕು. ಅದಕ್ಕೆ ಬದಲಾಗಿ ವಿವಿ ತನ್ನ ಲೆಕ್ಕವನ್ನು ಜನರ ಮುಂದೆ ಇಡಬೇಕು. ಇಷ್ಟು ಸರಳ ವಿಷಯ ಬೇರೆ ಬೇರೆ ದೇಶಗಳಲ್ಲೂ ಯಾಕೆ ಆಗುತ್ತಿಲ್ಲ ಎಂದು ನೋಡಿದರೆ ಕಾರಣ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ.

ಸಾರ್ವಜನಿಕ ವಿವಿಯೊಂದರ ಆದಾಯ ಎಲ್ಲಿಂದ ಬರುತ್ತದೆ ನೋಡಿ. ವಿದ್ಯಾರ್ಥಿಗಳ ಶುಲ್ಕ, ಸರ್ಕಾರದ ಅನುದಾನ, ಸಂಶೋಧನೆಗೆ ಬರುವ ಹಣ, ಎಲ್ಲೋ ಒಂದಿಷ್ಟು ಠೇವಣಿಯ ಬಡ್ಡಿ. ಶುಲ್ಕ ಎಷ್ಟಿರಬೇಕು ಎಂದು ಹೇಳುವುದು ಬಹುತೇಕ ಕಡೆ ಸರ್ಕಾರ. ಅನುದಾನ ಎಷ್ಟು ಎಂದು ಹೇಳುವುದೂ ಸರ್ಕಾರ. ಇನ್ನು ಖರ್ಚಿನ ಕಡೆ ಬಂದರೆ, ವೇತನ ಶ್ರೇಣಿ, ಪಿಂಚಣಿ ನಿಯಮ, ಹುದ್ದೆಗಳ ಸಂಖ್ಯೆ, ಇವುಗಳಲ್ಲೂ ಸರ್ಕಾರದ ಮಾತೇ ನಡೆಯುತ್ತದೆ. ಬರುವುದನ್ನೂ ಹೋಗುವುದನ್ನೂ ಬೇರೆ ಯಾರೋ ತೀರ್ಮಾನ ಮಾಡಿ, ಕೊನೆಗೆ ಕೊರತೆ ಬಂದಾಗ ಮಾತ್ರ "ನೀವು ಸ್ವಾಯತ್ತ ಸಂಸ್ಥೆ, ನೀವೇ ನೋಡಿಕೊಳ್ಳಿ" ಅಂದರೆ ಅದು ನ್ಯಾಯವಾ? ಕುಲಪತಿಗಳಲ್ಲಿ ದುಂದುಗಾರರು ಇಲ್ಲ ಎನ್ನುತ್ತಿಲ್ಲ. ಬೇಕಾದಷ್ಟು ಜನ ಇದ್ದಾರೆ. ಅವರ ವಿಷಯಕ್ಕೂ ಬರುತ್ತೇನೆ.

ಇಂಗ್ಲೆಂಡನ್ನು ನೋಡಿ. ಅಲ್ಲಿನ ಸರ್ಕಾರ 2012ರಲ್ಲಿ ವಿದ್ಯಾರ್ಥಿ ಶುಲ್ಕದ ಮಿತಿಯನ್ನು 9,000 ಪೌಂಡಿಗೆ ಏರಿಸಿತು. ಜೊತೆಗೆ ಪಾಠ ಮಾಡಲು ಕೊಡುತ್ತಿದ್ದ ಅನುದಾನದಲ್ಲಿ ದೊಡ್ಡ ಪಾಲನ್ನು ಕಡಿದುಹಾಕಿತು. 2017ರಲ್ಲಿ ಮಿತಿ 9,250 ಪೌಂಡ್ ಆಯಿತು. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಬೆಲೆ ಏರಿತು, ಸಂಬಳ ಏರಿತು, ವಿದ್ಯುತ್ ಬಿಲ್ ಏರಿತು, ಶುಲ್ಕ ಮಾತ್ರ ಕದಲಲಿಲ್ಲ. ಹಾಗಾದರೆ ವಿವಿಗಳು ಬದುಕಿದ್ದು ಹೇಗೆ? ವಿದೇಶಿ ವಿದ್ಯಾರ್ಥಿಗಳಿಂದ. ಅವರಿಗೆ ಶುಲ್ಕದ ಮಿತಿ ಇಲ್ಲ. ಭಾರತ, ಚೀನಾ, ನೈಜೀರಿಯಾದಿಂದ ಹೋದ ಮಕ್ಕಳ ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿದ ದುಡ್ಡಿನಲ್ಲಿ ಅಲ್ಲಿನ ಮಕ್ಕಳ ಪಾಠ, ಅಲ್ಲಿನ ಸಂಶೋಧನೆ ನಡೆಯಿತು. ಇದನ್ನು ಅಲ್ಲಿ ಯಾರೂ ಗುಟ್ಟಾಗಿಯೂ ಇಡುತ್ತಿರಲಿಲ್ಲ.

ಆಮೇಲೆ ಅದೇ ಸರ್ಕಾರ 2024ರ ಜನವರಿಯಿಂದ ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವಂತಿಲ್ಲ ಎಂದಿತು. ಅತ್ತ ನೈಜೀರಿಯಾದ ಕರೆನ್ಸಿ ಕುಸಿದು ಅಲ್ಲಿಂದ ಬರುವವರೂ ಕಡಿಮೆಯಾದರು. ಒಂದೇ ಹೊಡೆತಕ್ಕೆ ಲೆಕ್ಕ ಉಲ್ಟಾ ಆಯಿತು. 2024ರ ನವೆಂಬರಿನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯೇ ಒಂದು ಎಚ್ಚರಿಕೆ ಕೊಟ್ಟಿತು. ಏನೂ ಕ್ರಮ ತೆಗೆದುಕೊಳ್ಳದಿದ್ದರೆ 2025-26ರ ಹೊತ್ತಿಗೆ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 72ರಷ್ಟು ಕೊರತೆಗೆ ಬೀಳಬಹುದು ಎಂದು. ಶೇ 72! ನೂರರಲ್ಲಿ ಎಪ್ಪತ್ತೆರಡು ಕುಲಪತಿಗಳೂ ಒಟ್ಟಿಗೆ ದಡ್ಡರಾಗಲು ಸಾಧ್ಯವಾ? ವ್ಯವಸ್ಥೆಯಲ್ಲೇ ತೂತು ಇದೆ ಎಂದು ಅರ್ಥ. ಆಮೇಲೆ 2025-26ಕ್ಕೆ ಶುಲ್ಕವನ್ನು 9,535 ಪೌಂಡಿಗೆ ಏರಿಸಿದರು. ಅದಕ್ಕೂ ಮುಂಚೆ, 2025ರ ಏಪ್ರಿಲಿನಲ್ಲೇ, ನೌಕರರ ಹೆಸರಿನಲ್ಲಿ ವಿವಿಗಳೂ ಸೇರಿ ಎಲ್ಲ ಮಾಲೀಕರು ಕಟ್ಟಬೇಕಾದ ರಾಷ್ಟ್ರೀಯ ವಿಮೆಯ ದರವನ್ನು ಶೇ 13.8ರಿಂದ ಶೇ 15ಕ್ಕೆ ಏರಿಸಿದ್ದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದರಲ್ಲಿ ಎಲ್ಲ ದೇಶದ ಹಣಕಾಸು ಇಲಾಖೆಗಳೂ ಪಳಗಿವೆ.

ಸರಿ, ಸರ್ಕಾರ ಕೈ ಎತ್ತಿದರೆ ಏನಾಗುತ್ತದೆ? ಬಾಗಿಲು ಹಾಕಲಿ ಅನ್ನುವವರು ಒಮ್ಮೆ ಕೆನಡಾದ ಸಡ್ಬರಿ ಎಂಬ ಊರಿನ ಕತೆಯನ್ನು ಓದಬೇಕು. ಅದು ನಿಕಲ್ ಗಣಿಗಳ ಊರು. ಅಲ್ಲಿ 1960ರಲ್ಲಿ ಶುರುವಾದ ಲಾರೆನ್ಷಿಯನ್ ವಿಶ್ವವಿದ್ಯಾಲಯ ಇದೆ. ಇಂಗ್ಲಿಷ್, ಫ್ರೆಂಚ್, ಮೂಲನಿವಾಸಿಗಳ ಕಲಿಕೆ, ಈ ಮೂರಕ್ಕೂ ಜಾಗ ಕೊಡಬೇಕು ಎಂಬುದು ಅದರ ಧ್ಯೇಯ. 2021ರ ಫೆಬ್ರವರಿ 1ರಂದು ಅದು ಕೋರ್ಟಿಗೆ ಹೋಗಿ ಸಾಲ ಕೊಟ್ಟವರಿಂದ ರಕ್ಷಣೆ ಕೊಡಿ ಎಂದು ಅರ್ಜಿ ಹಾಕಿತು. ಅದು ಬಳಸಿದ್ದು ಕಂಪನಿಗಳಿಗಾಗಿ ಮಾಡಿದ ಕಾಯ್ದೆ. ಆ ದೇಶದಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಬೇರೆ ಯಾವ ವಿವಿಯೂ ಅದುವರೆಗೆ ಆ ದಾರಿ ಹಿಡಿದಿರಲಿಲ್ಲ.

ಎರಡೇ ತಿಂಗಳಲ್ಲಿ, ಅದೇ ವರ್ಷದ ಏಪ್ರಿಲಿನಲ್ಲಿ, 69 ಕೋರ್ಸ್‌ಗಳಿಗೆ ಕತ್ತರಿ ಬಿತ್ತು. ಸುಮಾರು 200 ಜನ ಕೆಲಸ ಕಳೆದುಕೊಂಡರು. ಎಷ್ಟೋ ಅಧ್ಯಾಪಕರಿಗೆ ಸುದ್ದಿ ಗೊತ್ತಾಗಿದ್ದು ಝೂಮ್ ಕರೆಯಲ್ಲಿ. ಫ್ರೆಂಚ್ ಭಾಷೆಯ ಕೋರ್ಸ್‌ಗಳು ಹೋದವು, ಸೂಲಗಿತ್ತಿಯರಿಗೆ ತರಬೇತಿ ಕೊಡುವ ಕೋರ್ಸ್ ಹೋಯಿತು. ದೂರದ ಹಳ್ಳಿಗಳಿರುವ ಉತ್ತರದ ಸೀಮೆಯಲ್ಲಿ ಹೆರಿಗೆ ಮಾಡಿಸಲು ಕಲಿಸುವ ಜಾಗವನ್ನೇ ಮುಚ್ಚಿದರು ಅಂದರೆ ಯೋಚಿಸಿ. ಕಂಪನಿ ದಿವಾಳಿಯಾದರೆ ಅದರ ಸರಕನ್ನು ಇನ್ನೊಂದು ಕಂಪನಿ ಮಾರುತ್ತದೆ. ವಿವಿಯ ವಿಭಾಗ ಒಂದು ಸಲ ಮುಚ್ಚಿದರೆ ಅಲ್ಲಿನ ಅಧ್ಯಾಪಕರು ಚದುರಿಹೋಗುತ್ತಾರೆ, ಲ್ಯಾಬ್ ಹರಾಜಾಗುತ್ತದೆ, ಎರಡನೇ ವರ್ಷದಲ್ಲಿದ್ದ ವಿದ್ಯಾರ್ಥಿ ನಡುನೀರಿನಲ್ಲಿ ನಿಲ್ಲುತ್ತಾನೆ. ಮತ್ತೆ ಕಟ್ಟಲು ಇಪ್ಪತ್ತು ವರ್ಷ ಬೇಕು. ಕಟ್ಟುತ್ತಾರೆ ಎಂಬ ಗ್ಯಾರಂಟಿಯೂ ಇಲ್ಲ.

ಆದರೆ ಲಾರೆನ್ಷಿಯನ್ ಬರೀ ಅಮಾಯಕ ಸಂಸ್ಥೆಯೂ ಅಲ್ಲ, ಅದನ್ನೂ ಹೇಳಬೇಕು. ಆ ಪ್ರಾಂತ್ಯದ ಮಹಾಲೇಖಪಾಲರು 2022ರಲ್ಲಿ ಕೊಟ್ಟ ವರದಿ ಓದಿದರೆ ಬೇಸರವಾಗುತ್ತದೆ. ವರ್ಷಗಳ ಕಾಲ ಕೈಲಾಗದ ಕಟ್ಟಡಗಳಿಗೆ ಸಾಲ ಮಾಡಿ ಸುರಿದಿದ್ದರು. ಮೇಲಿನ ಅಧಿಕಾರಿಗಳ ಖರ್ಚು ಬೆಳೆದಿತ್ತು. ಸಂಶೋಧನೆಗೆಂದು ಹೊರಗಿನಿಂದ ಬಂದ ಹಣವನ್ನು ಬೇರೆ ಖಾತೆಯಲ್ಲಿ ಇಡದೆ ದಿನದ ಖರ್ಚಿನ ದುಡ್ಡಿನ ಜೊತೆಯಲ್ಲೇ ಬೆರೆಸಿದ್ದರು. ಲೆಕ್ಕ ತಪಾಸಣೆಗೆ ಬಂದವರಿಗೆ ಕಾಗದ ಪತ್ರ ಕೊಡಲು ಒಪ್ಪದೆ ಕೋರ್ಟು ಕಚೇರಿ ಅಲೆದರು. ಕೊನೆಗೆ ಶಾಸನಸಭೆಯೇ ವಾರಂಟ್ ಹೊರಡಿಸಬೇಕಾಯಿತು. ಅದೇ ವರದಿಯ ಇನ್ನೊಂದು ಮಾತು ನನಗೆ ಮುಖ್ಯ ಅನ್ನಿಸಿತು. ಸಂಕಟದ ಸೂಚನೆ ಇದ್ದರೂ ಇಲಾಖೆ ಹೊತ್ತಿಗೆ ಸರಿಯಾಗಿ ಮಧ್ಯ ಪ್ರವೇಶಿಸಲಿಲ್ಲ, ಕೋರ್ಟಿಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದು.

ಕೊನೆಗೆ ಏನಾಯಿತು? ಸರ್ಕಾರವೇ ದುಡ್ಡು ತಂದಿತು. 3.5 ಕೋಟಿ ಡಾಲರ್ ಸಾಲ ಕೊಟ್ಟಿತು. ವಿವಿಯ ಆಸ್ತಿಯನ್ನು ತಾನೇ ಕೊಂಡುಕೊಳ್ಳಲು 5.35 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಅಂದರೆ ಕೋರ್ಸ್‌ಗಳು ಸತ್ತ ಮೇಲೆ, ಜನ ಮನೆಗೆ ಹೋದ ಮೇಲೆ, ವಕೀಲರ ಫೀಸು ಕಟ್ಟಿದ ಮೇಲೆ. ಮೊದಲೇ ಕೊಟ್ಟಿದ್ದರೆ ಅದೇ ದುಡ್ಡಿಗೆ ಕಟ್ಟುನಿಟ್ಟಿನ ಷರತ್ತು ಹಾಕಬಹುದಿತ್ತು. ಷರತ್ತು ಹಾಕಲು ಆಗ ಇನ್ನೂ ಒಂದು ಪೂರ್ತಿ ವಿವಿ ಇತ್ತು.

ಇನ್ನೊಂದು ಉದಾಹರಣೆ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯ. ಅಲ್ಲಿ 3.5 ಕೋಟಿ ಪೌಂಡಿನ ಕೊರತೆ ಬಯಲಿಗೆ ಬಂತು. 2024ರ ಡಿಸೆಂಬರಿನಲ್ಲಿ ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋದರು. 2025ರ ಮಾರ್ಚಿನಲ್ಲಿ 632 ಹುದ್ದೆ ಕಡಿತ ಮಾಡುತ್ತೇವೆ ಎಂದರು. ಆಮೇಲೆ ಅನುದಾನ ಮಂಡಳಿಯಿಂದ 2.2 ಕೋಟಿ ಪೌಂಡ್, ಜೂನಿನಲ್ಲಿ ಸ್ಕಾಟಿಷ್ ಸರ್ಕಾರದಿಂದ ಇನ್ನೂ 4 ಕೋಟಿ ಪೌಂಡ್ ಬಂತು. ಈ 4 ಕೋಟಿಯನ್ನು 2005ರ ಕಾಯ್ದೆಯಲ್ಲಿ ಅದುವರೆಗೆ ಸುಮ್ಮನೆ ಬಿದ್ದಿದ್ದ ಒಂದು ಅಧಿಕಾರವನ್ನು ಬಳಸಿ, ಷರತ್ತುಗಳೊಂದಿಗೆ ಕೊಟ್ಟರು. ಜೊತೆಗೆ ಸ್ವತಂತ್ರ ತನಿಖೆ ಮಾಡಿಸಿ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ದುಡ್ಡಿನ ಪರಿಸ್ಥಿತಿ ಕೆಡುತ್ತಿದ್ದರೂ ಮೇಲಿನವರು ಸರಿಯಾದ ಹೊತ್ತಿಗೆ ಹೇಳಲಿಲ್ಲ, ಕೇಳಬೇಕಾದ ಆಡಳಿತ ಮಂಡಳಿ ಗಟ್ಟಿಯಾಗಿ ಕೇಳಲಿಲ್ಲ ಎಂಬುದು ಆ ವರದಿಯ ತಿರುಳು. ನಮ್ಮಲ್ಲಿ ಸಿಂಡಿಕೇಟ್, ಅಂದರೆ ವಿವಿ ಆಡಳಿತ ಮಂಡಳಿಯ ಸಭೆಗಳು ಹೇಗೆ ನಡೆಯುತ್ತವೆ ಎಂದು ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಡಂಡೀ ವಿಷಯದಲ್ಲಿ ನನಗೆ ಹಿಡಿಸಿದ್ದು ಇದು: ದುಡ್ಡೂ ಕೊಟ್ಟರು, ತಪ್ಪು ಮಾಡಿದವರನ್ನು ಹೆಸರಿಟ್ಟು ಕೇಳಿದರು. ಎರಡೂ ಒಟ್ಟಿಗೆ ಆಗಬಹುದು. ನಮ್ಮಲ್ಲಿ ಇದನ್ನು ಒಂದಕ್ಕೊಂದು ವಿರುದ್ಧ ಎಂಬಂತೆ ಮಾತಾಡುತ್ತಾರೆ. ಭ್ರಷ್ಟಾಚಾರ ಇದೆ, ಹಾಗಾಗಿ ದುಡ್ಡು ಕೊಡುವುದಿಲ್ಲ ಅನ್ನುತ್ತಾರೆ. ಒಬ್ಬ ಕುಲಪತಿ ಮಾಡಿದ ತಪ್ಪಿಗೆ ಎಂ.ಎ. ಓದುತ್ತಿರುವ ಹುಡುಗಿ ಯಾಕೆ ದಂಡ ಕಟ್ಟಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗ ನಮ್ಮ ಕಡೆ ಬರೋಣ. ನಮ್ಮ ರಾಜ್ಯದ ವಿವಿಗಳು ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕುವುದಿಲ್ಲ. ಅವು ಶಾಸನದಿಂದ ಹುಟ್ಟಿದ ಸಂಸ್ಥೆಗಳು, ಮುಚ್ಚಬೇಕಾದರೂ ಶಾಸನವೇ ಬೇಕು. ಹಾಗಾಗಿ ಇಲ್ಲಿ ದಿವಾಳಿ ಅನ್ನುವುದು ಒಂದು ದಿನ ಘೋಷಣೆ ಆಗುವುದಿಲ್ಲ, ಸದ್ದಿಲ್ಲದೆ ಬರುತ್ತದೆ. ಮೊದಲು ಅತಿಥಿ ಉಪನ್ಯಾಸಕರ ಸಂಬಳ ಎರಡು ಮೂರು ತಿಂಗಳು ತಡವಾಗುತ್ತದೆ. ಆಮೇಲೆ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ನಿಲ್ಲುತ್ತದೆ. ಗ್ರಂಥಾಲಯಕ್ಕೆ ನಿಯತಕಾಲಿಕೆ ಬರುವುದು ನಿಲ್ಲುತ್ತದೆ. ಖಾಲಿ ಹುದ್ದೆ ಖಾಲಿಯೇ ಉಳಿಯುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ವಿದ್ಯುತ್ ಬಿಲ್ ಕಟ್ಟಲು ಪರದಾಡಿದ್ದು ಸುದ್ದಿಯಾಗಿತ್ತು, ನೆನಪಿದೆಯಲ್ವಾ? ಕನ್ನಡದ ಹೆಸರಿನಲ್ಲಿ 1991ರಲ್ಲಿ ಕಟ್ಟಿದ ಸಂಸ್ಥೆ. ಎಲ್ಲ ಪಕ್ಷದವರೂ ನವೆಂಬರಿನಲ್ಲಿ ಹೊಗಳುವ ಸಂಸ್ಥೆ.

ಅದಕ್ಕೆ ಈ ಗತಿ ಯಾಕೆ ಬಂತು ಎಂಬುದರಲ್ಲೇ ಇಡೀ ಸಮಸ್ಯೆ ಇದೆ. ರಾಜ್ಯದ ದೊಡ್ಡ ವಿವಿಗಳು ನಿಂತಿದ್ದೇ ಸಂಯೋಜಿತ ಕಾಲೇಜುಗಳ ಮೇಲೆ, ಅಂದರೆ ವಿವಿಯ ಪರೀಕ್ಷೆ, ಪದವಿಗೆ ಒಳಪಟ್ಟ ಕಾಲೇಜುಗಳ ಮೇಲೆ. ನೂರಾರು ಕಾಲೇಜು, ಲಕ್ಷಾಂತರ ವಿದ್ಯಾರ್ಥಿಗಳು, ಅವರ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ. ಕ್ಯಾಂಪಸ್ಸಿನಲ್ಲಿ ನಡೆಯುವ ಸಂಶೋಧನೆ, ಪುಸ್ತಕ ಪ್ರಕಟಿಸುವ ಪ್ರಸಾರಾಂಗ, ಹಾಸ್ಟೆಲ್ ಎಲ್ಲಕ್ಕೂ ಆ ದುಡ್ಡೇ ಆಧಾರ. ಕನ್ನಡ ವಿವಿ ಇರುವುದೇ ಸಂಶೋಧನೆಗೆ. ಅದಕ್ಕೆ ಪದವಿ ಕಾಲೇಜುಗಳ ದಂಡು ಇಲ್ಲ. ಜಾನಪದ, ಸಂಸ್ಕೃತ, ಸಂಗೀತ ವಿವಿಗಳಿಗೂ ದೊಡ್ಡ ವಿವಿಗಳಂತೆ ಕಾಲೇಜುಗಳ ದಂಡು ಇಲ್ಲ. ಹೀಗಿರುವ ಸಂಸ್ಥೆಗಳಿಗೆ ಹಣಕಾಸು ಇಲಾಖೆ "ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿ" ಎಂದು ಪತ್ರ ಬರೆದರೆ ಏನು ಮಾಡಬೇಕು? ಕಲ್ಲಿನ ಶಾಸನಗಳ ಅಧ್ಯಯನ ಮಾಡಿ, ಹಸ್ತಪ್ರತಿ ಓದಿ, ನಿಘಂಟು ಮಾಡಿ ಯಾವ ವಿವಿಯೂ ಲಾಭ ಮಾಡಲು ಆಗುವುದಿಲ್ಲ. ಲಾಭ ಬರುವುದಿಲ್ಲ ಎಂದು ಗೊತ್ತಿದ್ದೇ ಸರ್ಕಾರ ಅದನ್ನು ಕಟ್ಟಿದ್ದು.

ಇನ್ನು ಕಾಲೇಜುಗಳಿದ್ದ ವಿವಿಗಳ ಕತೆ. ಬೆಂಗಳೂರು ವಿವಿಯನ್ನು ಮೂರು ಮಾಡಿದರು. ಅದಕ್ಕೆ ಕಾರಣವೂ ಇತ್ತು ಬಿಡಿ, ಅಷ್ಟು ಕಾಲೇಜುಗಳ ಪರೀಕ್ಷೆಯನ್ನು ಒಂದೇ ಕಚೇರಿ ನಡೆಸುವುದು ಕಷ್ಟವಿತ್ತು. ಆಮೇಲೆ 2022ರ ಸುಮಾರಿಗೆ ಜಿಲ್ಲೆಗೊಂದು ವಿವಿ ಅನ್ನುವ ಹುರುಪು ಬಂತು. ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳು ಮೈಸೂರು ವಿವಿಯ ಕೈಯಿಂದ ಹೋದವು. ಕೊಡಗು ಮಂಗಳೂರು ವಿವಿಯಿಂದ ಬಿಟ್ಟುಹೋಯಿತು, ಹಾವೇರಿ ಧಾರವಾಡದಿಂದ, ಬೀದರ್ ಕಲಬುರಗಿಯಿಂದ. ಹಾಸನ, ಚಾಮರಾಜನಗರ, ಕೊಡಗಿನಂಥ ಕಡೆ ಇದ್ದ ಸ್ನಾತಕೋತ್ತರ ಕೇಂದ್ರಕ್ಕೇ ವಿಶ್ವವಿದ್ಯಾಲಯ ಎಂದು ಬೋರ್ಡು ಹಾಕಿದರು. ಹೊಸದಕ್ಕೆ ಬೇಕಾದ ಹುದ್ದೆ, ಕಟ್ಟಡ, ದುಡ್ಡು ಬರಲಿಲ್ಲ. ಹಳೆಯದಕ್ಕೆ ಬರುತ್ತಿದ್ದ ಕಾಲೇಜು ಶುಲ್ಕ ಹೋಯಿತು. ಆದರೆ ಹಳೆಯ ವಿವಿಯ ಪಿಂಚಣಿದಾರರು ಮಾತ್ರ ಹಂಚಿಹೋಗಲಿಲ್ಲ, ಅವರೆಲ್ಲ ಅಲ್ಲೇ ಉಳಿದರು! 1916ರಲ್ಲಿ ಹುಟ್ಟಿದ ಮೈಸೂರು ವಿವಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಕೆಲಸ ಮಾಡಿ ನಿವೃತ್ತರಾಗುತ್ತಿದ್ದಾರೆ. ಆದಾಯವನ್ನು ಕತ್ತರಿಸಿ ನಾಲ್ಕು ಕಡೆ ಹಂಚಿ, ಹೊಣೆಯನ್ನು ಒಂದೇ ಕಡೆ ಬಿಟ್ಟರೆ ಅದನ್ನು ಯಾವ ಬಾಯಿಂದ ಆಡಳಿತ ವೈಫಲ್ಯ ಅನ್ನುವುದು?

ಪಿಂಚಣಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಜವಾದ ಗಂಟು ಇರುವುದು ಅಲ್ಲೇ, ಮತ್ತು ಅದನ್ನು ಬಿಡಿಸುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರು, ನೌಕರರೂ ಕೆಲಸ ಕೊಟ್ಟವರೂ ತಿಂಗಳು ತಿಂಗಳು ದುಡ್ಡು ಕಟ್ಟುವ ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ಅದಕ್ಕೆ ಮುಂಚೆ ಸೇರಿದವರಿಗೆ ಮಾತ್ರ ಹಳೆಯ ಪಿಂಚಣಿ. ಅಂದರೆ ಹಳೆಯ ಪಿಂಚಣಿಯವರ ಪಟ್ಟಿಗೆ ಹೊಸ ಹೆಸರು ಸೇರುವುದು ನಿಂತು ವರ್ಷಗಳೇ ಆಗಿವೆ. ಈಗ ಆ ಪಟ್ಟಿಯಲ್ಲಿರುವವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ, ಹಾಗಾಗಿ ಇನ್ನೊಂದಷ್ಟು ವರ್ಷ ಭಾರ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಇದು ಕೊನೆ ಇಲ್ಲದ ಹೊರೆ ಅಲ್ಲ. ಯಾವ ವರ್ಷ ಎಷ್ಟು ಬೇಕು ಎಂದು ನೌಕರರ ಹುಟ್ಟಿದ ದಿನಾಂಕ ನೋಡಿ ಒಬ್ಬ ಗುಮಾಸ್ತರು ಕೂತು ಲೆಕ್ಕ ಹಾಕಬಹುದು. ಇಷ್ಟು ಖಚಿತವಾಗಿ ಮುಂಚೆಯೇ ಹೇಳಬಹುದಾದ ಖರ್ಚು ಸರ್ಕಾರದ ಬಜೆಟ್ಟಿನಲ್ಲಿ ಹೆಚ್ಚು ಇರಲಾರದು. ಆದರೂ ಪ್ರತಿ ವರ್ಷ ಇದೇನೋ ದಿಢೀರ್ ಬಂದ ನೆರೆ ಎಂಬಂತೆ ಗಾಬರಿ ಬೀಳುತ್ತಾರೆ. ಕುಲಸಚಿವರು ಕಡತ ಹಿಡಿದು ವಿಧಾನಸೌಧಕ್ಕೆ ಓಡುತ್ತಾರೆ. ಎಪ್ಪತ್ತು ದಾಟಿದ ನಿವೃತ್ತ ಪ್ರಾಧ್ಯಾಪಕರು ಬಿಸಿಲಿನಲ್ಲಿ ಧರಣಿ ಕೂರುತ್ತಾರೆ.

ಆ ಹಳೆಯ ಪಿಂಚಣಿಯನ್ನು ಸರ್ಕಾರ ಪೂರ್ತಿಯಾಗಿ ವಹಿಸಿಕೊಂಡು, ಉಳಿದ ಸರ್ಕಾರಿ ನೌಕರರಿಗೆ ಕೊಡುವ ಹಾಗೆ ಖಜಾನೆಯಿಂದಲೇ ಕೊಡಲಿ. ಈ ಒಂದು ಕೆಲಸ ಆದರೆ ಹಳೆಯ ವಿವಿಗಳ ಅರ್ಧ ಜ್ವರ ಇಳಿಯುತ್ತದೆ ಎಂದು ನಾನು ನಂಬುತ್ತೇನೆ. ಉಳಿದ ಅರ್ಧಕ್ಕೆ ವಿವಿಯವರನ್ನೇ ಹಿಡಿದು ಕೇಳಬಹುದು. ಆಗ ಅವರಿಗೂ ನೆಪ ಇರುವುದಿಲ್ಲ.

ಈಗ ಮುಚ್ಚುವ ಮಾತು. 2025ರ ಫೆಬ್ರವರಿಯಲ್ಲಿ ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪ ಸಮಿತಿ, ಹೊಸ ಹತ್ತು ವಿವಿಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಚ್ಚಬೇಕು ಎಂದು ಹೇಳಿತು. ಕಾರಣ ದುಡ್ಡಿಲ್ಲ. ಎರಡೂ ಕಡೆಯಿಂದ ಗಲಾಟೆ ಆಯಿತು. ವಿವಿ ಶುರು ಮಾಡಿದ ಪಕ್ಷದವರು ಶಿಕ್ಷಣಕ್ಕೆ ದ್ರೋಹ ಎಂದರು, ಈಗಿನವರು ದುಡ್ಡು ಕೊಡದೆ ಹೆಸರಿಟ್ಟಿದ್ದು ನೀವೇ ಅಲ್ವಾ ಎಂದರು. ನಿಜ ಹೇಳಬೇಕೆಂದರೆ ಇಬ್ಬರೂ ಹೇಳಿದ್ದು ಸರಿ, ಅದೇ ತಮಾಷೆ.

ವಿವಿಗಳನ್ನು ವಿಲೀನ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಬೋಧಕರೇ ಇಲ್ಲದ, ಲ್ಯಾಬ್ ಇಲ್ಲದ, ಬರೀ ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ಕಚೇರಿಗೆ ವಿಶ್ವವಿದ್ಯಾಲಯ ಅನ್ನುವ ಹೆಸರು ಯಾಕೆ? ಆದರೆ ಮುಚ್ಚುವುದಕ್ಕೂ ಒಂದು ಕ್ರಮ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೌಂಟ್ ಐಡಾ ಎಂಬ ಖಾಸಗಿ ಕಾಲೇಜು 2018ರಲ್ಲಿ ಕೆಲವೇ ವಾರಗಳ ಸೂಚನೆ ಕೊಟ್ಟು ಬಾಗಿಲು ಹಾಕಿತು. ವಿದ್ಯಾರ್ಥಿಗಳು ದಿಕ್ಕೆಟ್ಟರು. ಮರುವರ್ಷವೇ ಆ ರಾಜ್ಯ ಒಂದು ಕಾನೂನು ಮಾಡಿತು. ಪ್ರತಿ ವರ್ಷ ಕಾಲೇಜುಗಳ ಹಣಕಾಸು ಪರೀಕ್ಷೆ ಆಗಬೇಕು, ಅಪಾಯ ಇದ್ದರೆ ಮೊದಲೇ ತಿಳಿಸಬೇಕು, ಓದುತ್ತಿರುವವರು ಎಲ್ಲಿ ಕೋರ್ಸ್ ಮುಗಿಸುತ್ತಾರೆ ಎಂಬ ಯೋಜನೆ ಕೈಯಲ್ಲಿರಬೇಕು ಎಂದು. ಇಂಥ ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದ ಕಲಾ ವಿಶ್ವವಿದ್ಯಾಲಯ ಸಾಕ್ಷಿ. 2024ರ ಮೇ 31ರಂದು ಸುದ್ದಿ ಹೊರಬಂತು, ಜೂನ್ 7ಕ್ಕೆ ಬಾಗಿಲು ಮುಚ್ಚಿತು. ಒಂದು ವಾರ!

ನಮ್ಮಲ್ಲಿ ಸಂಪುಟ ಉಪ ಸಮಿತಿಯ ಸಭೆಯ ನಂತರ ಹಾವೇರಿಯ, ಕೊಪ್ಪಳದ ವಿದ್ಯಾರ್ಥಿಗೆ ತನ್ನ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿವಿಯ ಹೆಸರು ಇರುತ್ತದೆ ಎಂದು ಯಾರಾದರೂ ಹೇಳಿದರಾ? ಮುಚ್ಚುವ ತೀರ್ಮಾನದ ಜೊತೆಯಲ್ಲೇ ಅದಕ್ಕೆ ಉತ್ತರ ಇರಬೇಕಿತ್ತು.

ಕೇಂದ್ರದ ದುಡ್ಡು ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಪಿಎಂ ಉಷಾ ಯೋಜನೆಯಲ್ಲಿ ಆಯ್ಕೆಯಾದ ರಾಜ್ಯ ವಿವಿಗಳಿಗೆ 100 ಕೋಟಿ ರೂಪಾಯಿವರೆಗೆ ಬರುತ್ತದೆ. ಆದರೆ ಅದು ಮುಖ್ಯವಾಗಿ ಕಟ್ಟಡ, ಉಪಕರಣ, ನವೀಕರಣ ಇಂಥವಕ್ಕೆ. ಪಿಂಚಣಿ ಬಾಕಿ ತೀರಿಸಲು ಅದನ್ನು ಮುಟ್ಟುವಂತಿಲ್ಲ. ಹೀಗಾಗಿ ಹೊಸ ಕಟ್ಟಡ ಎದ್ದು ನಿಲ್ಲುತ್ತದೆ, ಒಳಗೆ ಪಾಠ ಮಾಡುವ ಕಾಯಂ ಅಧ್ಯಾಪಕರು ಇರುವುದಿಲ್ಲ. ಉದ್ಘಾಟನೆಗೆ ಕಟ್ಟಡ ಬೇಕು, ಪಿಂಚಣಿ ಕೊಟ್ಟರೆ ಯಾರೂ ರಿಬ್ಬನ್ ಕತ್ತರಿಸಲು ಕರೆಯುವುದಿಲ್ಲ ನೋಡಿ.

ಹಾಗಾದರೆ ಸರ್ಕಾರ ದುಡ್ಡು ಕೊಡುತ್ತಾ ಹೋದರೆ ವಿವಿಗಳು ಮೈಗಳ್ಳರಾಗುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಹೇಗೂ ಕಾಪಾಡುತ್ತಾರೆ ಎಂದು ಗೊತ್ತಾದರೆ ಕಂಡಕಂಡ ಹಾಗೆ ಕಟ್ಟಡ ಕಟ್ಟುವವರು, ಬೇಕಾದವರನ್ನು ದಿನಗೂಲಿ ಹೆಸರಿನಲ್ಲಿ ತುಂಬಿಸುವವರು ಇದ್ದೇ ಇರುತ್ತಾರೆ. ಆದರೆ ಇದಕ್ಕೆ ಮದ್ದು ದುಡ್ಡು ನಿಲ್ಲಿಸುವುದಲ್ಲ, ದುಡ್ಡು ತಪ್ಪು ಕೈಗೆ ಹೋಗದ ಹಾಗೆ ಷರತ್ತು ಹಾಕುವುದು. ಈಗ ನಮ್ಮಲ್ಲಿ ಹಾಕುವ ಷರತ್ತು ಯಾವುದು? ನೇಮಕಾತಿ ನಿಲ್ಲಿಸಿ ಅನ್ನುವುದು. ಅದರಿಂದ ಏಟು ಬೀಳುವುದು ತರಗತಿಗೆ. ಕಾಯಂ ಅಧ್ಯಾಪಕರಿಲ್ಲದ ವಿಭಾಗಕ್ಕೆ ಸಂಶೋಧನಾ ಯೋಜನೆ ಬರುವುದಿಲ್ಲ, ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಡುವ ಗ್ರೇಡ್ ಇಳಿಯುತ್ತದೆ, ಗ್ರೇಡ್ ಇಳಿದ ಮೇಲೆ ವಿದ್ಯಾರ್ಥಿಗಳು ಬರುವುದಿಲ್ಲ, ವಿದ್ಯಾರ್ಥಿಗಳು ಬರದಿದ್ದರೆ ಶುಲ್ಕವೂ ಇಲ್ಲ. ಉಳಿಸಲು ಹೋಗಿ ಇನ್ನಷ್ಟು ಬಡವಾಗುವ ದಾರಿ ಇದು. ಅದರ ಬದಲು, ಇಷ್ಟು ಮೊತ್ತಕ್ಕಿಂತ ಜಾಸ್ತಿ ಕಟ್ಟಡ ಕಾಮಗಾರಿಗೆ ಹೊರಗಿನವರ ಒಪ್ಪಿಗೆ ಬೇಕು ಎಂದು ಹೇಳಿ. ಸಂಶೋಧನಾ ಹಣ, ವಿದ್ಯಾರ್ಥಿಗಳ ಠೇವಣಿ, ಪಿಂಚಣಿ ನಿಧಿ ಇವೆಲ್ಲ ಬೇರೆ ಬೇರೆ ಖಾತೆಯಲ್ಲೇ ಇರಬೇಕು, ಒಂದನ್ನು ಇನ್ನೊಂದಕ್ಕೆ ತಿರುಗಿಸಿದರೆ ಹಣಕಾಸು ಅಧಿಕಾರಿಯೇ ಹೊಣೆ ಎಂದು ಹೇಳಿ. ಆಡಿಟ್ ಆಕ್ಷೇಪಣೆಗಳಿಗೆ ವರ್ಷದೊಳಗೆ ಉತ್ತರ ಕೊಡದ ಕುಲಪತಿಗೆ ಇನ್ನೊಂದು ಅವಧಿ ಇಲ್ಲ ಎಂದು ಹೇಳಿ. ಇದಕ್ಕೆಲ್ಲ ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ಮಾತು ಸುಮ್ನೆ ಹೇಳಿಬಿಡುತ್ತೇನೆ. ದುಡ್ಡಿನ ಕಷ್ಟದಲ್ಲಿರುವ ವಿವಿಗೆ ಸರ್ಕಾರ ಮನಸ್ಸು ಬಂದಾಗ ಕೊಡುವ ಪದ್ಧತಿ ಇದ್ದರೆ, ವಿವಿಯವರು ಬಾಯಿ ಬಿಡುವುದಿಲ್ಲ. ಕುಲಪತಿ ಮಂತ್ರಿಯನ್ನು ಬೇಸರಪಡಿಸುವುದಿಲ್ಲ, ಪ್ರಾಧ್ಯಾಪಕರು ಬರೆಯಬೇಕಾದ್ದನ್ನು ಬರೆಯುವುದಿಲ್ಲ, ಯಾರನ್ನು ಭಾಷಣಕ್ಕೆ ಕರೆಯಬೇಕು ಅನ್ನುವುದರಲ್ಲೂ ಅನುದಾನದ ಲೆಕ್ಕ ಬರುತ್ತದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ ಸಾಲದಲ್ಲಿ ಮುಳುಗಿದಾಗ, 2023ರಲ್ಲಿ, ಪ್ರತಿಭಟನೆ ಜೋರಾದ ಮೇಲೆ ಅಲ್ಲಿನ ಸರ್ಕಾರ ತಿಂಗಳಿಗೆ 30 ಕೋಟಿ ರೂಪಾಯಿ ಕೊಡುತ್ತೇವೆ ಎಂದಿತು. ಒಳ್ಳೆಯದೇ ಆಯಿತು. ಆದರೆ ಬೀದಿಗೆ ಇಳಿಯದಿದ್ದರೆ ಕೊಡುತ್ತಿದ್ದರಾ? ಬೀದಿಗೆ ಇಳಿಯಲು ಬಾರದ, ಸದ್ದು ಮಾಡದ ಸಣ್ಣ ವಿವಿಗಳ ಗತಿ ಏನು?

ಮುಂದಿನ ಬಜೆಟ್ ಅಧಿವೇಶನಕ್ಕೆ ಮುಂಚೆ ಉನ್ನತ ಶಿಕ್ಷಣ ಇಲಾಖೆ ಒಂದು ಕೆಲಸ ಮಾಡಲಿ. ರಾಜ್ಯದ ಪ್ರತಿಯೊಂದು ವಿವಿಯ ಪಿಂಚಣಿ ಬಾಕಿ ಎಷ್ಟು, ಅತಿಥಿ ಉಪನ್ಯಾಸಕರಿಗೆ ಕೊಡಬೇಕಾದ್ದು ಎಷ್ಟು, ಖಾಲಿ ಹುದ್ದೆ ಎಷ್ಟು, ಬ್ಯಾಂಕಿನಲ್ಲಿ ಇರುವ ಠೇವಣಿ ಎಷ್ಟು, ಮುಂದಿನ ಹದಿನೈದು ವರ್ಷದಲ್ಲಿ ಯಾವ ವರ್ಷ ಎಷ್ಟು ಜನ ನಿವೃತ್ತರಾಗುತ್ತಾರೆ, ಇಷ್ಟನ್ನು ಕನ್ನಡದಲ್ಲಿ, ಒಂದೇ ಕೋಷ್ಟಕದಲ್ಲಿ ಸದನದ ಮುಂದೆ ಇಡಲಿ. ವಿವಿಗಳ ಹಣಕಾಸು ಅಧಿಕಾರಿಗಳ ಬಳಿ ಈ ಅಂಕಿಗಳೆಲ್ಲ ಇವೆ. ಕೇಳಬೇಕಾದವರು ಶಾಸಕರು. ನಿಮ್ಮ ಪತ್ರಿಕೆಯವರೂ ಕೇಳಬಹುದು, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ ಸಾಕು.

— ಒಬ್ಬ ಓದುಗ